ಒಂದು ಯಂತ್ರದ ಆಟ, ಕೋಟಿ ಯಂತ್ರಗಳ ಪಾಲಿಗೆ

ಇಪ್ಪತ್ತು ವರ್ಷಗಳ ಹಿಂದೆ ಸೊಲ್ಲಾಪುರದ ಸೈಬರ್ ಕೆಫೆಗಳಲ್ಲೂ ‘ಜಿಟಿಎ ವೈಸ್ ಸಿಟಿ’ಯದೇ ಹಾವಳಿ. ಆ ಆಟ ಮೊದಲು ಬಂದದ್ದು 2002ರ ಅಕ್ಟೋಬರಿನಲ್ಲಿ, ಸೋನಿಯ ಪ್ಲೇಸ್ಟೇಷನ್ 2ಕ್ಕೆ. ಪಿಸಿಗೆ ಬಂದದ್ದು 2003ರ ಮೇ ತಿಂಗಳಲ್ಲಿ. ಪ್ಲೇಸ್ಟೇಷನ್ 2ರ ಹೊಟ್ಟೆಯಲ್ಲಿದ್ದ ಮೆಮೊರಿ 32 ಎಂಬಿ, ಚಿತ್ರ ಬಿಡಿಸಲಿಕ್ಕೆಂದೇ ಬೇರೆಯಾಗಿ ಇಟ್ಟದ್ದು 4 ಎಂಬಿ. ಪ್ರೊಸೆಸರ್ ವೇಗ 300 ಮೆಗಾಹರ್ಟ್ಸನ್ನೂ ಮುಟ್ಟುತ್ತಿರಲಿಲ್ಲ. ಅದೇ ಆಟಕ್ಕೆ ಪಿಸಿಯಲ್ಲಿ ಕೇಳಿದ ಕನಿಷ್ಠ ಬೇಡಿಕೆ ನೋಡಿ: 800 ಮೆಗಾಹರ್ಟ್ಸಿನ ಪೆಂಟಿಯಂ 3, 128 ಎಂಬಿ ರ‍್ಯಾಮ್, 32 ಎಂಬಿ ಗ್ರಾಫಿಕ್ಸ್ ಕಾರ್ಡ್. ಊರು ಅದೇ, ಕಡಲದಂಡೆ ಅದೇ, ಕದ್ದು ಓಡಿಸುವ ಬೈಕೂ ಅದೇ. ರ‍್ಯಾಮ್ ಮಾತ್ರ ನಾಲ್ಕು ಪಟ್ಟು, ಚಿತ್ರದ ಮೆಮೊರಿ ಎಂಟು ಪಟ್ಟು.

ಇದರಲ್ಲಿ ಒಂದು ಭಾಗ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಆಗಿನ ವಿಂಡೋಸ್ ಎಕ್ಸ್‌ಪಿ ತಾನು ನೆಟ್ಟಗೆ ನಡೆಯಲಿಕ್ಕೇ 128 ಎಂಬಿ ಇದ್ದರೆ ಒಳ್ಳೆಯದು ಅನ್ನುತ್ತಿತ್ತು. ಪ್ಲೇಸ್ಟೇಷನ್‌ನಲ್ಲಿ ಆಟ ಶುರುವಾದ ಮೇಲೆ ಆಟದ್ದೇ ರಾಜ್ಯ, ಪಕ್ಕದಲ್ಲಿ ಇನ್ನೊಬ್ಬ ಬಾಡಿಗೆದಾರ ಇಲ್ಲ. ಆದರೆ ಉಳಿದ ಭಾಗ ಇಷ್ಟು ಸುಲಭವಲ್ಲ. ಇವತ್ತಿಗೂ, ಯಂತ್ರಗಳು ನೂರಾರು ಪಟ್ಟು ಬೆಳೆದ ಮೇಲೂ, ಆ ಅಂತರ ಹೋಗಿಲ್ಲ.

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು, ಡಿಸ್ಕ್ ಇರುವ ಪೆಟ್ಟಿಗೆಯ ಬೆಲೆ ₹49,990. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಂದು ಮಗನಿಗೆ ಪಿಸಿ ಅಸೆಂಬಲ್ ಮಾಡಿಸುವ ಯಾವ ಅಪ್ಪನಿಗೂ ಬರುವ ಪ್ರಶ್ನೆ ಒಂದೇ: ‘ಐವತ್ತ ಸಾವಿರದ ಡಬ್ಬಿ ಓಡಸ್ತದ, ಎಂಬತ್ತ ಸಾವಿರದ ಪಿಸಿ ಯಾಕ ಓಡಸಂಗಿಲ್ಲ?’ ಅಂಗಡಿಯವರು ಸಾಮಾನ್ಯವಾಗಿ ಕೊಡುವ ಉತ್ತರ: ‘ಕಾಕಾ, ಗೇಮ್ ಒಂದೇ ಅದರೀ, ಮಷೀನ್ ಒಂದೇ ಅಲ್ಲ.’ ಇಷ್ಟು ಹೇಳಿ ಅವರು ಇನ್ನೂ ದುಬಾರಿ ಕಾರ್ಡಿನ ಪುಟ ತೆರೆಯುತ್ತಾರೆ ಅನ್ನುವುದು ಬೇರೆ ಮಾತು. ಉತ್ತರವಂತೂ ಸರಿಯೇ. ಅದರ ಉಳಿದ ಅರ್ಧ, ಒಂದು ಯಂತ್ರಕ್ಕೆಂದು ಕಟ್ಟಿದ ಆಟವನ್ನು ಎಲ್ಲ ಯಂತ್ರಗಳಿಗೂ ಹೊಂದಿಸುವ ಜನರ ಕಸುಬಿನಲ್ಲಿದೆ. ಆ ಕೆಲಸವನ್ನು ಆಟದ ಲೋಕದಲ್ಲಿ ಪೋರ್ಟ್ ಮಾಡುವುದು ಅನ್ನುತ್ತಾರೆ. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ, ಕೆಟ್ಟರೆ ಊರೆಲ್ಲ ಬೈಯುವ ಕೆಲಸ.

ಮೊದಲು ಪ್ಲೇಸ್ಟೇಷನ್‌ನಂಥ ಕನ್ಸೋಲನ್ನೇ ನೋಡೋಣ. ಬೆಲೆಯ ಗುಟ್ಟು ಬೇಗ ಮುಗಿಯುತ್ತದೆ. ಕಂಪನಿಗಳು ಪೆಟ್ಟಿಗೆಯನ್ನು ಲಾಭವಿಲ್ಲದೆ, ಕೆಲವೊಮ್ಮೆ ನಷ್ಟದಲ್ಲೂ ಮಾರುತ್ತವೆ. ಆಮೇಲೆ ಮಾರಾಟವಾಗುವ ಪ್ರತಿ ಆಟದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಗ್ರಾಫಿಕ್ಸ್ ಕಾರ್ಡ್ ಮಾರುವವನಿಗೆ ಆ ದಾರಿ ಇಲ್ಲ, ಅವನ ಲಾಭ ಕಾರ್ಡಿನಲ್ಲೇ ಬರಬೇಕು.

ಹೆಚ್ಚು ಕುತೂಹಲದ್ದು ಒಳಗಿನ ರಚನೆ. ಪ್ಲೇಸ್ಟೇಷನ್ 5ರಲ್ಲಿ ಇರುವುದು 16 ಜಿಬಿ ಮೆಮೊರಿ, ಅದೂ ಒಂದೇ ರಾಶಿಯಾಗಿ. ಲೆಕ್ಕ ಮಾಡುವ ಪ್ರೊಸೆಸರೂ ಚಿತ್ರ ಬಿಡಿಸುವ ಚಿಪ್ಪೂ ಅದೇ ರಾಶಿಗೆ ಕೈ ಹಾಕುತ್ತವೆ, ಸೆಕೆಂಡಿಗೆ 448 ಜಿಬಿ ವೇಗದಲ್ಲಿ. ಒಂದು ಗೋಡೆಯ ಬಣ್ಣ, ಒಂದು ಮುಖದ ಚರ್ಮ ಒಮ್ಮೆ ಅಲ್ಲಿಗೆ ಬಂದರೆ ಸಾಕು, ಯಾರಿಗೂ ನಕಲು ಮಾಡಿ ಕಳಿಸಬೇಕಾಗಿಲ್ಲ. ಆಟ ಇರುವ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಓದಿದ್ದು ಒತ್ತಿ ಕಟ್ಟಿದ ಗಂಟು, ಅದನ್ನು ಬಿಚ್ಚಬೇಕು. ಬಿಚ್ಚಲಿಕ್ಕೆಂದೇ ಅಲ್ಲಿ ಬೇರೆ ಯಂತ್ರಾಂಶ ಕೂರಿಸಿದ್ದಾರೆ. ಪೆಟ್ಟಿಗೆಯ ಮುಖ್ಯ ಶಿಲ್ಪಿ ಮಾರ್ಕ್ ಸರ್ನಿ 2020ರ ಮಾರ್ಚಿನ ಉಪನ್ಯಾಸದಲ್ಲಿ ಒಂದು ಲೆಕ್ಕ ಕೊಟ್ಟರು: ಆ ಬಿಚ್ಚುವ ಕೆಲಸವನ್ನು ಪ್ರೊಸೆಸರಿಗೇ ಒಪ್ಪಿಸಿದ್ದರೆ ಅದೇ ಬಗೆಯ ಒಂಬತ್ತು ಕೋರ್‌ಗಳು ಬೇಕಾಗುತ್ತಿದ್ದವು. ಇಡೀ ಪೆಟ್ಟಿಗೆಯಲ್ಲಿ ಇರುವುದೇ ಎಂಟು ಕೋರ್. ಅಂದರೆ ಎಂಟೂ ಕೋರ್‌ಗಳ ಕೂಲಿಗಿಂತ ದೊಡ್ಡ ಕೆಲಸವನ್ನು ಒಂದು ಮೂಲೆಯ ಚಿಕ್ಕ ಭಾಗ ಸದ್ದಿಲ್ಲದೆ ಮಾಡಿಮುಗಿಸುತ್ತದೆ. ಅಂಗಡಿಯಲ್ಲಿ ಎಷ್ಟು ಕೋರ್, ಎಷ್ಟು ಜಿಬಿ ಎಂದು ಎರಡು ಪಟ್ಟಿ ಹಿಡಿದು ಹೋಲಿಸುವಾಗ ಈ ಮೂಲೆ ಲೆಕ್ಕಕ್ಕೇ ಬರುವುದಿಲ್ಲ.

ಸೊಲ್ಲಾಪುರದವರಿಗೆ ಇನ್ನೊಂದು ಸಂಗತಿ ಹಿಡಿಸಬಹುದು. ಇಲ್ಲಿ ಏಪ್ರಿಲ್-ಮೇ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಪಿಸಿಯ ಗ್ರಾಫಿಕ್ಸ್ ಕಾರ್ಡ್ ಕಾದಷ್ಟೂ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಜನವರಿಯಲ್ಲಿ, ಸಿದ್ಧೇಶ್ವರ ಜಾತ್ರೆಯ ಚಳಿಯಲ್ಲಿ, ನುಣ್ಣಗೆ ಓಡಿದ ಆಟ ಮೇ ಮಧ್ಯಾಹ್ನ ಎಳೆಯತೊಡಗುವುದು ಇದಕ್ಕೇ. ಪವರ್‌ಲೂಮ್ ಇರುವ ಓಣಿಯಾದರೆ ಹತ್ತಿಯ ನವಿರು ಫ್ಯಾನಿನ ರೆಕ್ಕೆಗೆ ಕೂತು ಇನ್ನಷ್ಟು ಕಾಯಿಸುತ್ತದೆ. ಪ್ಲೇಸ್ಟೇಷನ್ 5 ಬೇರೆ ಹಾದಿ ಹಿಡಿದಿದೆ. ಅದರ ವೇಗ ಏರಿಳಿಯುವುದು ಆ ಕ್ಷಣದ ಕೆಲಸ ಎಷ್ಟು ವಿದ್ಯುತ್ ಬೇಡುತ್ತದೆ ಅನ್ನುವುದರ ಮೇಲೆ, ಕೋಣೆಯ ಕಾವಿನ ಮೇಲಲ್ಲ. ಹೆಲ್ಸಿಂಕಿಯಲ್ಲಿ ಹೇಗೋ ಅಕ್ಕಲಕೋಟೆಯಲ್ಲೂ ಹಾಗೇ ನಡೆಯಬೇಕು ಅನ್ನುವುದು ಉದ್ದೇಶ. (ಸೋನಿಯ ಕೈಪಿಡಿ ಬಳಸುವ ಜಾಗದ ಕಾವು 35 ಡಿಗ್ರಿ ದಾಟಬಾರದು ಅನ್ನುತ್ತದೆ. ನಮ್ಮ ಮೇ ತಿಂಗಳನ್ನು ಅವರು ಕಂಡಿಲ್ಲ.) ಆಟ ಕಟ್ಟುವವನಿಗೆ ಇದು ದೊಡ್ಡ ವರ. ತನ್ನ ಮೇಜಿನ ಮೇಲಿರುವ ಪೆಟ್ಟಿಗೆಯಲ್ಲಿ ಒಂದು ದೃಶ್ಯಕ್ಕೆ 16 ಮಿಲಿಸೆಕೆಂಡ್ ಹಿಡಿದರೆ ಲೋಕದ ಎಲ್ಲ ಮನೆಗಳಲ್ಲೂ ಅಷ್ಟೇ ಹಿಡಿಯುತ್ತದೆ. ಅವನು ಕೊನೆಯ ಹನಿಯವರೆಗೂ ಹಿಂಡಬಹುದು.

ಪಿಸಿಗೆ ಬಂದೊಡನೆ ಈ ಭರವಸೆ ಒಂದೊಂದೇ ಎಳೆಯಾಗಿ ಕಳಚುತ್ತದೆ.

ಮೊದಲು ಮೆಮೊರಿ. ಪಿಸಿಯಲ್ಲಿ ಮೆಮೊರಿಗೆ ಎರಡು ಮನೆ. ಮದರ್‌ಬೋರ್ಡಿನ ಮೇಲೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡಿನ ಮೇಲೆ ಅದರದೇ ಮೆಮೊರಿ. ನಡುವೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹಾದಿ. ಅದರ ನಾಲ್ಕನೇ ತಲೆಮಾರಿನ ಪೂರ್ತಿ ಅಗಲದ ಹಾದಿಯಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 32 ಜಿಬಿ ಹೋಗುತ್ತದೆ, ಹಳೆಯ ಬೋರ್ಡುಗಳಲ್ಲಿ ಅದರ ಅರ್ಧ. ಪ್ಲೇಸ್ಟೇಷನ್ ತನ್ನ ಒಂದೇ ರಾಶಿಯಿಂದ ಎತ್ತಿಕೊಳ್ಳುವ ವೇಗದ ಮುಂದೆ ಇದು ಹದಿನಾಲ್ಕರಲ್ಲಿ ಒಂದು ಪಾಲು. 16 ಜಿಬಿ ರ‍್ಯಾಮ್, 8 ಜಿಬಿ ಕಾರ್ಡ್ ಇರುವ ಪಿಸಿಯಲ್ಲಿ ಕೂಡಿಸಿದರೆ 24 ಜಿಬಿ ಆಯಿತಲ್ಲ, ಕನ್ಸೋಲ್‌ಗಿಂತ ಹೆಚ್ಚೇ ಆಯಿತಲ್ಲ ಅನ್ನಿಸುತ್ತದೆ. ಕೂಡಿಸಲಿಕ್ಕೆ ಬರುವುದಿಲ್ಲ. ಕನ್ಸೋಲ್ ಆಟ ಚಿತ್ರಕ್ಕೆಂದೇ 10 ಜಿಬಿ ಹರಡಿಕೊಂಡಿದ್ದರೆ ಅದು 8 ಜಿಬಿ ಕಾರ್ಡಿನಲ್ಲಿ ಹಿಡಿಯದು. ಮಿಕ್ಕಿದ್ದು ಆಚೆ ಮನೆಯಿಂದ ಆ ಇಕ್ಕಟ್ಟಾದ ಹಾದಿಯಲ್ಲಿ ಓಡಾಡಬೇಕು. ಓಡಾಡುವ ಪ್ರತಿ ಸಲವೂ ಪರದೆ ಒಂದು ಕ್ಷಣ ತಡವರಿಸುತ್ತದೆ.

‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ 2023ರ ಮಾರ್ಚ್ 28ರಂದು ಪಿಸಿಗೆ ಬಂದಾಗ ಇದೆಲ್ಲ ಬಯಲಿಗೆ ಬಿತ್ತು. ಪ್ಲೇಸ್ಟೇಷನ್ 5ರ ಆ ಆಟಕ್ಕೆ ಪಿಸಿಯಲ್ಲಿ ಕನಿಷ್ಠ 16 ಜಿಬಿ ರ‍್ಯಾಮ್, 100 ಜಿಬಿ ಜಾಗ ಬೇಕು ಎಂದು ಪಟ್ಟಿ ಹೇಳುತ್ತಿತ್ತು. ಪಟ್ಟಿಗಿಂತ ಎತ್ತರದ ಯಂತ್ರಗಳೂ ಎಡವಿದವು. 8 ಜಿಬಿ ಕಾರ್ಡಿನಲ್ಲಿ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ಗೋಡೆಗಳ ಬಣ್ಣ ಕಲಸಿಹೋದ ಹಾಗೆ ಕಾಣುತ್ತಿತ್ತು. ಕನ್ಸೋಲಿನಲ್ಲಿ ಮೂಲೆಯ ಯಂತ್ರಾಂಶ ಬಿಚ್ಚುತ್ತಿದ್ದ ಗಂಟುಗಳನ್ನು ಇಲ್ಲಿ ಪ್ರೊಸೆಸರೇ ಬಿಚ್ಚಬೇಕಾಗಿ ಬಂದು ಅದು ಬೆವರುತ್ತಿತ್ತು. ನಾಟಿ ಡಾಗ್ ಮತ್ತು ಅದಕ್ಕೆ ಕೈಜೋಡಿಸಿದ ಐರನ್ ಗ್ಯಾಲಕ್ಸಿಯವರು ತಿಂಗಳುಗಟ್ಟಲೆ ಪ್ಯಾಚ್ ಮೇಲೆ ಪ್ಯಾಚ್ ಕೊಟ್ಟರು. ಆಮೇಲೆ ಅದೇ 8 ಜಿಬಿ ಕಾರ್ಡಿನಲ್ಲಿ ಅದೇ ಗೋಡೆಗಳು ಚೆನ್ನಾಗಿಯೇ ಕಂಡವು. ಕಾರ್ಡ್ ಬದಲಾಗಿರಲಿಲ್ಲ. ಯಾವ ಬಣ್ಣ ಯಾವಾಗ ಯಾವ ಮನೆಯಲ್ಲಿರಬೇಕು ಅನ್ನುವ ಲೆಕ್ಕವನ್ನು ಯಾರೋ ಕೂತು ಮತ್ತೆ ಬರೆದಿದ್ದರು.

ಎರಡನೆಯದು ಶೇಡರ್. ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಸೊಗಸೆನಿಸುವುದೂ ಇದೇ, ಜನ ತೀರ ತಪ್ಪು ತಿಳಿಯುವುದೂ ಇದನ್ನೇ. ನೀರಿನ ಮೇಲಿನ ಹೊಳಪು, ಒದ್ದೆ ರಸ್ತೆಯ ಮಿನುಗು, ಹೊಗೆಯ ಮಬ್ಬು ಇವೆಲ್ಲ ಚಿತ್ರದ ಚಿಪ್ಪಿಗೆ ಕೊಡುವ ಚಿಕ್ಕ ಚಿಕ್ಕ ಆದೇಶಗಳು. ದೊಡ್ಡ ಆಟದಲ್ಲಿ ಇಂಥವು ಸಾವಿರಾರು. ಇವು ಚಿಪ್ಪಿನದೇ ಭಾಷೆಯಲ್ಲಿರಬೇಕು, ಆ ಭಾಷೆ ಚಿಪ್ಪಿನಿಂದ ಚಿಪ್ಪಿಗೆ ಬೇರೆ.

ಸೊಲ್ಲಾಪುರಿ ಚಾದರ ನೇಯುವ ಜಕಾರ್ಡ್ ಮಗ್ಗ ಕಂಡವರಿಗೆ ಇದು ಸುಲಭ. ವಿನ್ಯಾಸಕಾರ ಮೊದಲು ಗ್ರಾಫ್ ಕಾಗದದ ಮೇಲೆ ಚೌಕ ಚೌಕವಾಗಿ ನವಿಲನ್ನೋ ಹೂಬಳ್ಳಿಯನ್ನೋ ಬರೆಯುತ್ತಾನೆ. ಆ ಕಾಗದ ನೋಡಿ ದಪ್ಪ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆಯುತ್ತಾರೆ. ಕಾರ್ಡುಗಳನ್ನು ಸಾಲಾಗಿ ಹೊಲಿದು ಮಗ್ಗದ ನೆತ್ತಿಗೆ ಏರಿಸಿದರೆ ಒಂದೊಂದು ಕಾರ್ಡು ಒಂದೊಂದು ಎಳೆಗೆ ಯಾವ ಹಾಸು ಏಳಬೇಕು, ಯಾವುದು ಕೂರಬೇಕು ಎಂದು ಹೇಳುತ್ತದೆ. ಆದರೆ ತೂತು ಕೊರೆದ ಆ ಸರಪಳಿ ನಡೆಯುವುದು ಅಷ್ಟೇ ಕೊಕ್ಕೆಗಳಿರುವ, ಅದೇ ಜೋಡಣೆಯ ಮಗ್ಗದಲ್ಲಿ. ಪಕ್ಕದ ಷೆಡ್ಡಿನ ಮಗ್ಗಕ್ಕೆ ಕೊಕ್ಕೆ ಬೇರೆ, ನೂಲಿನ ನಂಬರು ಬೇರೆ ಆಗಿದ್ದರೆ ಸರಪಳಿ ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ. ಗ್ರಾಫ್ ಕಾಗದವನ್ನೇ ಒಯ್ದು ಅಲ್ಲಿಗೆ ತಕ್ಕ ಹಾಗೆ ಹೊಸದಾಗಿ ಕೊರೆಯಬೇಕು. ಕನ್ಸೋಲ್ ಆಟದ ಡಿಸ್ಕಿನಲ್ಲಿ ಬರುವುದು ಕೊರೆದು ಹೊಲಿದ ಸರಪಳಿ, ಏಕೆಂದರೆ ಮಗ್ಗ ಒಂದೇ. ಪಿಸಿ ಆಟದಲ್ಲಿ ಬರುವುದು ಗ್ರಾಫ್ ಕಾಗದ. ಎನ್‌ವಿಡಿಯಾ, ಎಎಂಡಿ, ಇಂಟೆಲ್‌ನ ಬಗೆಬಗೆಯ ಕಾರ್ಡುಗಳು, ಅವುಗಳ ಮೇಲೆ ಬಗೆಬಗೆಯ ಡ್ರೈವರ್‌ಗಳು. ಕೊರೆಯುವ ಕೆಲಸ ಆಟ ಕೊಂಡವನ ಮನೆಯಲ್ಲೇ, ಅವನ ಪ್ರೊಸೆಸರಿನ ಮೇಲೇ ನಡೆಯಬೇಕು.

ಯಾವಾಗ ನಡೆಯಬೇಕು ಅನ್ನುವುದರಲ್ಲಿ ಪೋರ್ಟ್ ಮಾಡುವವನ ಕೈಚಳಕ ಗೊತ್ತಾಗುತ್ತದೆ. ಆಟದ ನಡುವೆ, ಬಾಗಿಲು ತೆರೆದ ಕ್ಷಣದಲ್ಲಿ ಹೊಸ ಹೊಳಪು ಬೇಕಾಗಿ ಆಗ ಕೊರೆಯಲು ಕೂತರೆ ಪರದೆ ಗಕ್ಕನೆ ನಿಲ್ಲುತ್ತದೆ. 2022ರ ಫೆಬ್ರುವರಿಯಲ್ಲಿ ಬಂದ ‘ಎಲ್ಡನ್ ರಿಂಗ್’ ಪಿಸಿಯಲ್ಲಿ ಹೀಗೆ ತಡವರಿಸಿತು. ಅದೇ ವರ್ಷ ಡಿಸೆಂಬರಿನ ‘ದ ಕ್ಯಾಲಿಸ್ಟೊ ಪ್ರೊಟೊಕಾಲ್’ ಅದಕ್ಕಿಂತ ಕೆಟ್ಟದಾಗಿ ನಿಂತು ನಿಂತು ನಡೆಯಿತು. ಎಲ್ಲವನ್ನೂ ಮೊದಲೇ ಕೊರೆದಿಡುತ್ತೇನೆ ಅಂದರೆ ಆಟಗಾರ ಆಟ ಶುರುವಾಗುವ ಮೊದಲೇ ಕಾಯಬೇಕು. ‘ಲಾಸ್ಟ್ ಆಫ್ ಅಸ್’ನಲ್ಲಿ ಕೆಲವರು ಅರ್ಧ ಗಂಟೆಗೂ ಹೆಚ್ಚು ಕಾದರು. ಕುಶಲಿಗಳು ನಡುದಾರಿ ಹುಡುಕುತ್ತಾರೆ. ಯಾವ ಯಾವ ಆದೇಶ ನಿಜವಾಗಿ ಬಳಕೆಗೆ ಬರುತ್ತದೆ ಎಂದು ಆಟವನ್ನು ಮೂಲೆಮೂಲೆ ಆಡಿಸಿ ಪಟ್ಟಿ ಮಾಡಿ, ಮೊದಲ ಊರಿಗೆ ಬೇಕಾದಷ್ಟನ್ನು ಮುಂಚೆ ಕೊರೆದು, ಉಳಿದದ್ದನ್ನು ಆಟಗಾರ ಮೆನುವಿನಲ್ಲಿರುವಾಗ, ಕತೆ ಕೇಳುತ್ತಿರುವಾಗ ಹಿಂದಿನ ಕೋರ್‌ಗಳಲ್ಲಿ ಸದ್ದಿಲ್ಲದೆ ಮುಗಿಸುತ್ತಾರೆ. ಇದು ಎಂದೂ ಜಾಹೀರಾತಿನಲ್ಲಿ ಬರುವುದಿಲ್ಲ. ತಡವರಿಸದ ಆಟ ನೋಡಿ ‘ಶೇಡರ್ ಎಷ್ಟು ಚೆನ್ನಾಗಿ ಕೊರೆದಿದ್ದಾರೆ’ ಎಂದು ಯಾರೂ ಹೊಗಳುವುದಿಲ್ಲ.

ಮೂರನೆಯದು ಹೊತ್ತು. ಕನ್ಸೋಲ್ ಆಟ ಸೆಕೆಂಡಿಗೆ 30 ಚಿತ್ರ ಅಂತ ಗಟ್ಟಿ ಮಾಡಿಕೊಂಡಿದ್ದರೆ ಒಂದೊಂದಕ್ಕೂ 33 ಮಿಲಿಸೆಕೆಂಡ್ ಸಿಗುತ್ತದೆ. ಬರೆಯುವವರು ಆ ತಾಳಕ್ಕೆ ಎಷ್ಟೋ ಲೆಕ್ಕಗಳನ್ನು ಕಟ್ಟಿಬಿಟ್ಟಿರುತ್ತಾರೆ. ಪಿಸಿಯಲ್ಲಿ ತಾಳ ಇಮ್ಮಡಿಯಾದಾಗ ವಿಚಿತ್ರಗಳು ಹುಟ್ಟುತ್ತವೆ. ‘ಡಾರ್ಕ್ ಸೋಲ್ಸ್ 2’ರಲ್ಲಿ ಸೆಕೆಂಡಿಗೆ 60 ಚಿತ್ರ ಓಡಿಸಿದವರ ಕತ್ತಿಗಳು ಬೇಗ ಸವೆಯುತ್ತಿದ್ದವು, ಏಕೆಂದರೆ ಸವೆತದ ಲೆಕ್ಕ ಚಿತ್ರಗಳ ಎಣಿಕೆಗೆ ಗಂಟು ಬಿದ್ದಿತ್ತು. ಅದರ ಹಿಂದಿನ ‘ಡಾರ್ಕ್ ಸೋಲ್ಸ್’ 2012ರ ಆಗಸ್ಟಿನಲ್ಲಿ ಪಿಸಿಗೆ ಬಂದಾಗ ಎಷ್ಟು ದೊಡ್ಡ ಮಾನಿಟರ್ ಇದ್ದರೂ ಒಳಗೆ 1024ಕ್ಕೆ 720 ಚುಕ್ಕೆಗಳಲ್ಲೇ ಚಿತ್ರ ಬಿಡಿಸಿ ಹಿಗ್ಗಿಸುತ್ತಿತ್ತು. ಆಟ ಬಿಡುಗಡೆಯಾದ ಹೊತ್ತಿಗೇ ‘ಡುರಾಂಟೆ’ ಎಂಬ ಹೆಸರಿನ ಒಬ್ಬ ಅಭಿಮಾನಿ ಆ ಮಿತಿಯನ್ನು ತೆಗೆಯುವ ಚಿಕ್ಕ ಫೈಲೊಂದನ್ನು ಪುಕ್ಕಟೆ ಹಂಚಿದ. ಅವನ ನಿಜ ಹೆಸರು ಪೀಟರ್ ಥೋಮನ್, ಆಸ್ಟ್ರಿಯಾದವನು, ಕಂಪ್ಯೂಟರ್ ಸಂಶೋಧಕ. ಕಂಪನಿ ಬರೆದ ಆಟದ ಮೂಲ ಕೋಡ್ ಅವನ ಕೈಯಲ್ಲಿ ಇರಲಿಲ್ಲ. ಆಟಕ್ಕೂ ಗ್ರಾಫಿಕ್ಸಿಗೂ ನಡುವೆ ಹಾದುಹೋಗುವ ಆದೇಶಗಳನ್ನು ತಡೆದು, ತಿದ್ದಿ ಕಳಿಸಿದ, ಅಷ್ಟೇ. ಮುಂದೆ ಅವನೇ ಪಿಎಚ್3 ಎಂಬ ಚಿಕ್ಕ ಕಂಪನಿ ಕಟ್ಟಿ ಜಪಾನಿನ ಆಟಗಳನ್ನು ಪಿಸಿಗೆ ತರುವುದನ್ನೇ ವೃತ್ತಿ ಮಾಡಿಕೊಂಡ. ಹೊರಗೆ ನಿಂತು ತಪ್ಪು ಹೆಕ್ಕಿದವನನ್ನು ಒಳಗೆ ಕರೆದು ಕೂರಿಸುವ ಬುದ್ಧಿ ಈ ಉದ್ಯಮಕ್ಕೆ ಒಮ್ಮೊಮ್ಮೆಯಾದರೂ ಬರುತ್ತದೆ.

ಒಳ್ಳೆಯ ಕೈಯಿಂದ ಬಂದ ಪೋರ್ಟ್ ಹೇಗಿರುತ್ತದೆ? 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ‘ಗಾಡ್ ಆಫ್ ವಾರ್’ ಪಿಸಿಗೆ ಬಂದದ್ದು 2022ರ ಜನವರಿ 14ರಂದು, ಕೆನಡಾದ ಜೆಟ್‌ಪ್ಯಾಕ್ ಇಂಟರ್‌ಆ್ಯಕ್ಟಿವ್ ಎಂಬ ಸಣ್ಣ ಬಳಗದ ಕೆಲಸ. ಕನಿಷ್ಠ ಕೇಳಿದ ಕಾರ್ಡ್ ಜಿಟಿಎಕ್ಸ್ 960. ಪ್ಲೇಸ್ಟೇಷನ್ 4ರ ಚಿತ್ರ ಶಕ್ತಿ 1.84 ಟೆರಾಫ್ಲಾಪ್, ಈ ಕಾರ್ಡಿನದು ಅದಕ್ಕಿಂತ ಸ್ವಲ್ಪವೇ ಮೇಲೆ. ಅದೇ ವರ್ಷ ಆಗಸ್ಟಿನಲ್ಲಿ ನೆದರ್ಲೆಂಡ್ಸಿನ ನಿಕ್ಸೆಸ್ ಪಿಸಿಗೆ ತಂದ ‘ಸ್ಪೈಡರ್ ಮ್ಯಾನ್’ ಇನ್ನೂ ಕೆಳಗಿನ ಜಿಟಿಎಕ್ಸ್ 950 ಸಾಕು ಅಂದಿತು. ಅಂದರೆ ಆಟ ಹುಟ್ಟಿದ ಯಂತ್ರದ ಮಟ್ಟಕ್ಕೇ ಪಟ್ಟಿಯನ್ನು ಇಳಿಸಿಟ್ಟರು. ನಿಕ್ಸೆಸ್ ದಶಕಗಳಿಂದ ಇದನ್ನೇ ಮಾಡಿಕೊಂಡು ಬಂದ ಬಳಗ. ಸೋನಿ 2021ರಲ್ಲಿ ಅದನ್ನು ಕೊಂಡೇಬಿಟ್ಟಿತು. ಅವರ ಇನ್ನೊಂದು ಕೆಲಸ ನನಗೆ ಇದಕ್ಕಿಂತ ಹೆಚ್ಚು. ‘ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ನಲ್ಲಿ ನಾಯಕ ಒಂದು ಲೋಕದಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರುತ್ತಾನೆ. ಪ್ಲೇಸ್ಟೇಷನ್ 5ರ ವೇಗದ ಎಸ್‌ಎಸ್‌ಡಿ ಇಲ್ಲದಿದ್ದರೆ ಅಂಥ ಆಟವೇ ಇಲ್ಲ ಎಂಬಂತೆ ಅದನ್ನು ತೋರಿಸಿದ್ದರು. 2023ರ ಜುಲೈನಲ್ಲಿ ಅದು ಪಿಸಿಗೆ ಬಂದಾಗ ಗಂಟು ಬಿಚ್ಚುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೇ ವಹಿಸಿದರು. ಮೈಕ್ರೋಸಾಫ್ಟಿನ ಡೈರೆಕ್ಟ್‌ಸ್ಟೋರೇಜ್ ಎಂಬ ಹೊಸ ಏರ್ಪಾಟು ಅದಕ್ಕೆ ನೆರವಾಯಿತು. ಕನ್ಸೋಲಿನ ಆ ಮೂಲೆಯ ಯಂತ್ರಾಂಶ ಪಿಸಿಯಲ್ಲಿ ಇಲ್ಲವೆಂದಾಗ, ಬಿಡುವಿರುವ ಇನ್ನೊಬ್ಬ ಆಳನ್ನು ಹುಡುಕಿದರು.

ಕೈಯ ಬಲ ಪೂರ್ತಿ ತಿಳಿಯಬೇಕಾದರೆ ಎದುರು ದಿಕ್ಕಿನ ಪಯಣ ನೋಡಬೇಕು. ‘ದ ವಿಚರ್ 3’ ಪಿಸಿಗೂ ದೊಡ್ಡ ಕನ್ಸೋಲ್‌ಗಳಿಗೂ 2015ರಲ್ಲಿ ಬಂದ ಭಾರೀ ಆಟ. ನಿಂಟೆಂಡೊ ಸ್ವಿಚ್ ಅನ್ನುವುದು ಕೈಯಲ್ಲಿ ಹಿಡಿಯುವ ಯಂತ್ರ, ಮೆಮೊರಿ ಒಟ್ಟು 4 ಜಿಬಿ. 2019ರ ಅಕ್ಟೋಬರಿನಲ್ಲಿ ಸೇಬರ್ ಇಂಟರ್‌ಆ್ಯಕ್ಟಿವ್ ಎಂಬ ಬಳಗ ಆ ಇಡೀ ಆಟವನ್ನು, ಆಮೇಲೆ ಬಂದ ಎರಡು ದೊಡ್ಡ ಅಧ್ಯಾಯಗಳೂ ಸೇರಿ, 32 ಜಿಬಿಯ ಒಂದು ಕಾರ್ಡಿನಲ್ಲಿ ಕೂರಿಸಿ ಸ್ವಿಚ್‌ನಲ್ಲಿ ಓಡಿಸಿ ತೋರಿಸಿತು. ಮಸುಕು ಇದೆ, ಹುಲ್ಲು ವಿರಳ, ದೂರದ ಮರ ತಡವಾಗಿ ಹುಟ್ಟುತ್ತದೆ. ಆದರೆ ಆಟ ಅದೇ.

ನಮ್ಮ ಕಡೆಯವರೂ ಈ ಕಸುಬಿಗೆ ಹೊಸಬರಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಬಳಗ ಕಟ್ಟಿದ ‘ರಾಜಿ: ಆ್ಯನ್ ಏನ್ಷಂಟ್ ಎಪಿಕ್’ 2020ರ ಆಗಸ್ಟಿನಲ್ಲಿ ಮೊದಲು ಬಂದದ್ದೇ ಆ 4 ಜಿಬಿಯ ಸ್ವಿಚ್‌ಗೆ. ಪಿಸಿಗೂ ಇತರ ಕನ್ಸೋಲ್‌ಗಳಿಗೂ ಬಂದದ್ದು ಅಕ್ಟೋಬರಿನಲ್ಲಿ. ಚಿಕ್ಕ ಯಂತ್ರದಲ್ಲಿ ಬದುಕಿದ ಆಟಕ್ಕೆ ದೊಡ್ಡದಕ್ಕೆ ಹೋಗುವುದು ಅಷ್ಟು ಕಷ್ಟವಲ್ಲ. ಸೊಲ್ಲಾಪುರದ ಹುಡುಗರು ಬೆಳಿಗ್ಗೆ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿ ಹೋಗುವ ಅದೇ ಪುಣೆಯಲ್ಲಿ ಯೂಬಿಸಾಫ್ಟಿನ ಸ್ಟುಡಿಯೊ 2008ರಿಂದ ಇದೆ. ಬೆಂಗಳೂರಿನದು ಇನ್ನೂ ಹಳೆಯ ಕತೆ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್‌ಗೆ ಹೊರನಾಡಿನಿಂದ ಬಂದ ಮೊದಲ ದೊಡ್ಡ ಕೆಲಸವೇ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕೊಟ್ಟದ್ದು: ಕನ್ಸೋಲಿನ ‘ಮಿಷನ್ ಇಂಪಾಸಿಬಲ್’ ಆಟಕ್ಕೆ ಪಿಸಿ ರೂಪ ಕೊಡುವುದು. ಈ ದೇಶದಲ್ಲಿ ಆಟ ಕಟ್ಟುವುದು ಒಂದು ಉದ್ಯೋಗ ಎಂದು ಯಾರೂ ನಂಬದ ಕಾಲದಲ್ಲಿ ಬೆಂಗಳೂರಿನ ಒಂದಿಷ್ಟು ಹುಡುಗರು ಕಲಿತ ಮೊದಲ ಪಾಠ ಪೋರ್ಟ್. ಆ ಧ್ರುವವನ್ನು 2019ರಲ್ಲಿ ಕೊಂಡವರು ವೈಸ್ ಸಿಟಿಯ ರಾಕ್‌ಸ್ಟಾರ್‌ನವರೇ.

ಕೆಟ್ಟ ಉದಾಹರಣೆಗಳ ಮೇಲೆ ಹೆಚ್ಚು ಹೊತ್ತು ಬೇಡ. 2008ರ ಡಿಸೆಂಬರಿನಲ್ಲಿ ಪಿಸಿಗೆ ಬಂದ ‘ಜಿಟಿಎ 4’ ಆ ಕಾಲದ ದುಬಾರಿ ಯಂತ್ರಗಳನ್ನೂ ಏದುಸಿರು ಬಿಡಿಸಿತು. 2015ರ ಜೂನಿನಲ್ಲಿ ಬಂದ ‘ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್’ ಎಷ್ಟು ಹದಗೆಟ್ಟಿತ್ತೆಂದರೆ ವಾರ್ನರ್ ಬ್ರದರ್ಸ್ ಅದರ ಪಿಸಿ ಮಾರಾಟವನ್ನೇ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಅಂಗಡಿಗೆ ಇಟ್ಟಿತು. ಇಂಥಲ್ಲಿ ಬೈಗುಳ ಕೋಡ್ ಬರೆದವರ ತಲೆಗೆ ಬೀಳುತ್ತದೆ. ನನ್ನ ಅನಿಸಿಕೆ ಬೇರೆ. ಕೈ ಸಾಲದೆ ಕೆಟ್ಟ ಪೋರ್ಟ್ ಕಡಿಮೆ, ಹೊತ್ತು ಕೊಡದೆ ಕೆಟ್ಟದ್ದು ಹೆಚ್ಚು. ಬಿಡುಗಡೆಯ ದಿನ ಗೊತ್ತಾದ ಮೇಲೆ ಉಳಿದಿರುವ ಕೆಲಸವನ್ನೆಲ್ಲ ಬೇಡಿಕೆಯ ಪಟ್ಟಿಗೆ ದೂಡುವುದು ಸುಲಭ. ಆರು ತಿಂಗಳು ಕೂತು ಮೆಮೊರಿ ಲೆಕ್ಕ ತಿದ್ದುವ ಬದಲು ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲಿನ ಕಾರ್ಡ್ ಬರೆದರೆ ಆಯಿತು, ಖರ್ಚು ಕೊಳ್ಳುವವನ ಜೇಬಿನದು. ಇತ್ತೀಚೆಗೆ ಇದು ಇನ್ನೂ ಮುಂದೆ ಹೋಗಿದೆ. 2025ರ ಫೆಬ್ರುವರಿಯಲ್ಲಿ ಬಂದ ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’ನ ಪಟ್ಟಿ ಸೆಕೆಂಡಿಗೆ 60 ಚಿತ್ರ ಅಂದದ್ದು ಫ್ರೇಮ್ ಜನರೇಷನ್ ಹಚ್ಚಿಕೊಂಡು ಲೆಕ್ಕ ಹಾಕಿ. ಅಂದರೆ ನಿಜವಾಗಿ ಬಿಡಿಸಿದ ಎರಡು ಚಿತ್ರಗಳ ನಡುವೆ ಊಹಿಸಿದ ಒಂದು ಚಿತ್ರ ತುರುಕಿ. ಒಳ್ಳೆಯ ಉಪಕರಣವೇ, ಆದರೆ ಅದನ್ನು ಅಡಿಪಾಯ ಮಾಡಿಕೊಂಡರೆ ಕೌಶಲಕ್ಕೆ ಕೆಲಸವೇ ಉಳಿಯುವುದಿಲ್ಲ.

ಪಟ್ಟಿ ಓದುವವರೂ ಒಂದಿಷ್ಟು ತಿಳಿದಿರುವುದು ಒಳ್ಳೆಯದು. ಕನಿಷ್ಠ ಅಂದಾಗ ಎಷ್ಟು ಚುಕ್ಕೆಗಳ ಪರದೆ, ಸೆಕೆಂಡಿಗೆ ಎಷ್ಟು ಚಿತ್ರ ಎಂದು ಪಕ್ಕದಲ್ಲಿ ಬರೆದಿದೆಯೇ ನೋಡಬೇಕು. ಬರೆಯದ ಪಟ್ಟಿಗೆ ಅರ್ಧವೇ ಬೆಲೆ. ಪಟ್ಟಿ ಮಾಡುವವರೂ ಹೆದರಿಕೆಯಿಂದ ಮಾಡುತ್ತಾರೆ. ತಮ್ಮ ಕೋಣೆಯಲ್ಲಿ ಪರೀಕ್ಷಿಸಿದ ನಾಲ್ಕಾರು ಕಾರ್ಡುಗಳಲ್ಲಿ ಸುರಕ್ಷಿತ ಅನ್ನಿಸಿದ್ದನ್ನು ಬರೆಯುತ್ತಾರೆ, ಹಾಗಾಗಿ ಪಟ್ಟಿಗಿಂತ ಕೆಳಗಿನ ಯಂತ್ರದಲ್ಲೂ ಓಡುವುದುಂಟು. ಇನ್ನು ಕನ್ಸೋಲಿನ ಚಿತ್ರ ಅಂದರೆ ಪಿಸಿ ಮೆನುವಿನ ಅಲ್ಟ್ರಾ ಅಲ್ಲ. ಡಿಜಿಟಲ್ ಫೌಂಡ್ರಿಯಂಥವರು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದಾಗ ಕನ್ಸೋಲ್ ಹೆಚ್ಚಾಗಿ ಮೀಡಿಯಂ, ಹೈ ಮಟ್ಟಗಳ ಬೆರಕೆಯಲ್ಲಿ ಸಿಗುತ್ತದೆ. ಕೆಲವೊಮ್ಮೆ ಲೋ ಕೂಡ. ಕನ್ಸೋಲಿಗೆ ಯಾರೋ ಜಾಣರು ಆಯ್ದು ಇಟ್ಟ ಆ ಬೆರಕೆಯನ್ನು ಪಿಸಿಯವನು ತಾನೇ ಆಯ್ದುಕೊಳ್ಳಬೇಕು, ಎಲ್ಲವನ್ನೂ ಬಲಕ್ಕೆ ಎಳೆದು ‘ಲ್ಯಾಗ್ ಆಗಲಿಕ್ಕತ್ತೇತಿ’ ಅಂದರೆ ಆಗದು. ಪಿಸಿ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ಆಟಗಾರರ ಯಂತ್ರಗಳ ಬಗ್ಗೆ ಪ್ರತಿ ತಿಂಗಳು ನಡೆಸುವ ಸಮೀಕ್ಷೆಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದದ್ದು ಜಿಟಿಎಕ್ಸ್ 1060ರಂಥ ಮಧ್ಯಮ ವರ್ಗದ ಕಾರ್ಡ್. ಲೋಕದ ಬಹುಪಾಲು ಆಟಗಾರರು ಸೊಲ್ಲಾಪುರದವರ ಹಾಗೇ ಇದ್ದಾರೆ. ಒಳ್ಳೆಯ ಪೋರ್ಟ್ ಮಾಡುವವರು ಕಣ್ಣಿಟ್ಟಿರುವುದು ಆ ಸಮೀಕ್ಷೆಯ ಮೇಲೆ.

ಅದಕ್ಕೊಂದು ಉದಾಹರಣೆ: ಫಿನ್ಲೆಂಡಿನ ರೆಮಿಡಿ ಕಟ್ಟಿದ ‘ಅಲನ್ ವೇಕ್ 2’ 2023ರ ಅಕ್ಟೋಬರಿನಲ್ಲಿ ಕನ್ಸೋಲ್‌ಗಳಿಗೂ ಪಿಸಿಗೂ ಒಟ್ಟಿಗೇ ಬಂತು. ಪಟ್ಟಿ ಬಂದಾಗ ಗದ್ದಲವೋ ಗದ್ದಲ. ಕನಿಷ್ಠವೇ ಆರ್‌ಟಿಎಕ್ಸ್ 2060, ಅದರಲ್ಲೂ 6 ಜಿಬಿ ಬೇಕು ಅಂದಿದ್ದರು. ಕಾರಣ ಮೆಶ್ ಶೇಡರ್ ಎಂಬ ಹೊಸ ವಿಧಾನ. ಕಾಡಿನ ಒಂದೊಂದು ಕೊಂಬೆಯನ್ನೂ ಚಿಕ್ಕ ತುಣುಕುಗಳಾಗಿ ಒಡೆದು, ಕಾಣದ ತುಣುಕುಗಳನ್ನು ಬಿಡಿಸುವ ಮೊದಲೇ ಬದಿಗಿಡುವುದು ಅದರ ಕೆಲಸ. ಪ್ಲೇಸ್ಟೇಷನ್ 5ಕ್ಕೂ ಹೊಸ ಕಾರ್ಡುಗಳಿಗೂ ಅದು ಬರುತ್ತದೆ, ಜಿಟಿಎಕ್ಸ್ 10 ಸರಣಿಯ ಹಳೆಯ ಕಾರ್ಡುಗಳಿಗೆ ಬರುವುದಿಲ್ಲ. ಅವುಗಳಲ್ಲಿ ಆಟ ತೆರೆಯುತ್ತಿತ್ತು, ನೆಟ್ಟಗೆ ನಡೆಯುತ್ತಿರಲಿಲ್ಲ. ಆ ಕಾರ್ಡುಗಳವರಿಗೆ ಹೊಸದು ಕೊಳ್ಳಿ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಾಗಿತ್ತು. ರೆಮಿಡಿಯ ಎಂಜಿನಿಯರ್‌ಗಳು ಹಳೆಯ ವಿಧಾನದಲ್ಲೇ ಅದೇ ಜರಡಿಯನ್ನು ಕಟ್ಟುವ ಇನ್ನೊಂದು ದಾರಿ ಬರೆದರು. 2024ರ ಮಾರ್ಚಿನಲ್ಲಿ ಅದು ಪ್ಯಾಚ್ ಆಗಿ ಬಂತು, ಪಟ್ಟಿಯ ಕನಿಷ್ಠ ಕಾರ್ಡ್ ಜಿಟಿಎಕ್ಸ್ 1070ಕ್ಕೆ ಇಳಿಯಿತು. ಅದು 2016ರ ಕಾರ್ಡ್.